ಯಂತ್ರದ ಎಚ್ಚರಿಕೆ, ರೋಗಿಯ ಹೊರೆ

ಮಧುಮೇಹದಿಂದ ಅಕ್ಷಿಪಟಲಕ್ಕೆ ಒದಗುವ ಹಾನಿಯನ್ನು ಛಾಯಾಚಿತ್ರ ನೋಡಿ ಗುರುತಿಸುವ ಗೂಗಲ್ ಸಂಸ್ಥೆಯ ಕೃತಕ ಬುದ್ಧಿಮತ್ತೆಯು ಥಾಯ್ಲೆಂಡಿನ 11 ಚಿಕಿತ್ಸಾಲಯಗಳಲ್ಲಿ ನಡೆದ ಬಗೆಯನ್ನು ಅದೇ ಸಂಸ್ಥೆಯ ಸಂಶೋಧಕರು 2020ರ ಪ್ರಬಂಧದಲ್ಲಿ ನಿರೂಪಿಸಿದ್ದಾರೆ. ತಮ್ಮದೇ ಸೃಷ್ಟಿಯ ಕುಂದನ್ನು ಮರೆಮಾಚದ ಈ ಪ್ರಾಮಾಣಿಕತೆ ಅಪರೂಪದ್ದು. (2016ರಲ್ಲಿ ಪ್ರಕಟವಾದ ಇದರ ಮೂಲರೂಪಕ್ಕೆ ಬಳಸಿದ ಚಿತ್ರಗಳಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯದವೂ ಇದ್ದವು.)

ಚಿತ್ರ ತೆಗೆಯುತ್ತಿದ್ದವರು ದಾದಿಯರು. ಹೆಚ್ಚಿನೆಡೆ ಅದಕ್ಕೆಂದೇ ಕತ್ತಲು ಮಾಡಿದ ಕೋಣೆಯಿರಲಿಲ್ಲ. ಮೊದಲ ಆರು ತಿಂಗಳ 1838 ಚಿತ್ರಗಳಲ್ಲಿ ಶೇ. 21ರಷ್ಟನ್ನು ಯಂತ್ರವು ತೀರ್ಪಿಗೆ ಯೋಗ್ಯವಲ್ಲವೆಂದು ತಿರಸ್ಕರಿಸಿತು. ಸಂದೇಹವಿದ್ದೆಡೆ ಮೌನವಾಗುವುದು ಮೇಲ್ನೋಟಕ್ಕೆ ವಿವೇಕವೇ ಸರಿ. ಆದರೆ ಆ ವಿವೇಕದ ಬೆಲೆ ತೆರಬೇಕಾದವನು ರೋಗಿ. ಚಿತ್ರ ಸರಿಬಾರದಿದ್ದರೆ, ರೋಗವಿರಲಿ ಇಲ್ಲದಿರಲಿ, ಅವನು ಬೇರೊಂದು ಆಸ್ಪತ್ರೆಯ ತಜ್ಞರ ಬಳಿಗೆ ಹೋಗಬೇಕಿತ್ತು. ದಿನಗೂಲಿಯವನಿಗೆ ಅದು ಒಂದು ದಿನದ ಅನ್ನ. ಇದನ್ನರಿತ ಕೆಲವು ದಾದಿಯರು, ಅಧ್ಯಯನಕ್ಕೆ ಸೇರುವುದು ಬೇಡವೆಂದು ರೋಗಿಗಳಿಗೆ ಸೂಚಿಸಿದರಂತೆ. ಪ್ರಬಂಧದ ತಿರುಳು ಇಲ್ಲಿದೆ. ಪ್ರಯೋಗಾಲಯದಲ್ಲಿ ಶೇ. 90ನ್ನು ಮೀರಿದ ನಿಖರತೆಯ ಮಾತು ಇದರ ಮುಂದೆ ಸಪ್ಪೆಯೆನಿಸುತ್ತದೆ.

ಆದರೂ ಪ್ರಬಂಧವು ಇದನ್ನು ಬಹುಮಟ್ಟಿಗೆ ಬಳಕೆಯ ತೊಡಕೆಂದೇ ಕಾಣುತ್ತದೆ. ವಾಸ್ತವವಾಗಿ ಇದು ಹೊಣೆಗಾರಿಕೆಯ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಸಾರಿದ ಆರು ತತ್ತ್ವಗಳಲ್ಲಿ ಹೊಣೆಗಾರಿಕೆಯೂ ಸಮಾನತೆಯೂ ಸೇರಿವೆ. ನೇತ್ರ ತಪಾಸಣಾ ಶಿಬಿರ ನಡೆಸುವ ನಮ್ಮ ಧರ್ಮದರ್ಶಿ ಮಂಡಳಿಗಳು ಇಂತಹ ಯಂತ್ರವನ್ನು ದಾನವಾಗಿ ಪಡೆಯುವ ಮುನ್ನ, ತಿರಸ್ಕೃತ ಚಿತ್ರದ ರೋಗಿಯ ಪ್ರಯಾಣವೆಚ್ಚ ಯಾರದೆಂದು ಕೇಳುವುದುಚಿತ. ಥಾಯ್ಲೆಂಡಿನಲ್ಲಿ ಮುಂದೆ ನಿಯಮವನ್ನು ತಿದ್ದಿ, ಅಂತಹ ಚಿತ್ರಗಳನ್ನು ನೇತ್ರತಜ್ಞರೇ ಪರಿಶೀಲಿಸುವ ಏರ್ಪಾಡಾಯಿತು. ಅದು ಮೊದಲ ದಿನದಿಂದಲೇ ಇರಬೇಕಿತ್ತು.