ಶ್ರೇಯಾಂಕಾ ಪಾಟೀಲ್ ಎಸೆಯುವ ಆಫ್‌ಬ್ರೇಕ್

2024ರ ಮಾರ್ಚ್ 17ರ ರಾತ್ರಿ ದೆಹಲಿಯಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಫೈನಲ್. ವಿಕೆಟ್ ನಷ್ಟವಿಲ್ಲದೆ 64 ರನ್ ಗಳಿಸಿದ್ದ ಡೆಲ್ಲಿ ಕ್ಯಾಪಿಟಲ್ಸ್ 113ಕ್ಕೆ ಕುಸಿಯಿತು. ಬೆಂಗಳೂರು ತಂಡದ ಸೋಫಿ ಮೊಲಿನೊ ಒಂದೇ ಓವರಿನಲ್ಲಿ ಮೂವರನ್ನು ಕೆಡವಿದರು. ಆಮೇಲೆ ನಮ್ಮ ಬೆಂಗಳೂರಿನ ಹುಡುಗಿಯ ಸರದಿ: 12 ರನ್, ನಾಲ್ಕು ವಿಕೆಟ್. ಆಗ ಶ್ರೇಯಾಂಕಾಗೆ ಬರೀ 21 ವರ್ಷ.

ತೋರುಬೆರಳಿನ ತಿರುವಿನಿಂದ ಹುಟ್ಟುವ ಆಫ್‌ಬ್ರೇಕ್ ಬಲಗೈ ಬ್ಯಾಟರ್‌ನತ್ತ ಒಳಕ್ಕೆ ನುಗ್ಗುತ್ತದೆ. ಟಿ20ಯಲ್ಲಿ ಸಿಕ್ಸರ್ ಭಯಕ್ಕೆ ಎಷ್ಟೋ ಸ್ಪಿನ್ನರ್‌ಗಳು ಅದನ್ನು ಚಪ್ಪಟೆಯಾಗಿ, ವೇಗವಾಗಿ ಎಸೆದು ಪಾರಾಗಲು ನೋಡುತ್ತಾರೆ. ಶ್ರೇಯಾಂಕಾ ಚೆಂಡನ್ನು ತೇಲಿಸಲು ಹಿಂಜರಿಯುವುದಿಲ್ಲ. ನನಗೆ ಅಚ್ಚುಮೆಚ್ಚು ಆ ಎದೆಗಾರಿಕೆಯೇ. ಎದುರಾಳಿ ನಾಯಕಿ, ಆಸ್ಟ್ರೇಲಿಯಾದ ದಿಗ್ಗಜೆ ಮೆಗ್ ಲ್ಯಾನಿಂಗ್ ಅಂದು ಎಲ್‌ಬಿಡಬ್ಲ್ಯು ಆದದ್ದು ಇವರಿಗೇ. ಆ ಋತುವಿನಲ್ಲಿ 13 ವಿಕೆಟ್ ಪಡೆದು, ಅತಿ ಹೆಚ್ಚು ವಿಕೆಟ್ ಗಳಿಸಿದವರಿಗೆ ಸಿಗುವ ಪರ್ಪಲ್ ಕ್ಯಾಪನ್ನೂ ಶ್ರೇಯಾಂಕಾ ಗೆದ್ದರು.