ಗರ್ದಿ ಮತ್ತು ಕಲೆ: ಮುಂಬಯಿಯ ಎರಡು ಜಾತ್ರೆಗಳು

ಮುಂಬಯಿಗೆ ಚಳಿಗಾಲದಲ್ಲಿ ಎರಡು ಜಾತ್ರೆ. ಡಿಸೆಂಬರ್ ಮೊದಲ ವಾರ ದಾದರಿನ ಸಮುದ್ರದ ದಂಡೆಯಲ್ಲಿ ಒಂದು. ಜನವರಿ ಕೊನೆಗೋ ಫೆಬ್ರವರಿ ಆರಂಭಕ್ಕೋ ಕೋಟೆ ಭಾಗದ ಕಾಲಾ ಘೋಡಾದಲ್ಲಿ ಇನ್ನೊಂದು, ಒಂಬತ್ತು ದಿನದ್ದು. ಎರಡರಲ್ಲೂ ಹಾಡು, ಚಿತ್ರ, ಪುಸ್ತಕ, ಬೀದಿ ತುಂಬ ಜನ. ಆದರೆ ಒಂದರ ಸುದ್ದಿ ಪತ್ರಿಕೆಗಳ ಕಲಾಪುಟದಲ್ಲಿ ಬರುತ್ತದೆ. ಇನ್ನೊಂದರದ್ದು ಯಾವ ರಸ್ತೆ ಬಂದ್, ಯಾವ ಬಸ್ಸು ಎಲ್ಲಿಂದ ತಿರುಗುತ್ತದೆ ಅನ್ನುವ ಪುಟದಲ್ಲಿ. ಒಂದನ್ನು ಕಲೆ ಅನ್ನುತ್ತಾರೆ, ಇನ್ನೊಂದನ್ನು ಗರ್ದಿ ಅನ್ನುತ್ತಾರೆ. ನನ್ನ ತಕರಾರು ಪತ್ರಿಕೆಗಳ ಜೊತೆಗಿಲ್ಲ, ಅವು ಮೊದಲಿಂದಲೂ ಹಾಗೇ. ದಲಿತ ವಿಮರ್ಶೆ ಅಂತ ವಿಶೇಷ ಸಂಚಿಕೆ ತರುವ ನಾವು ಡಿಸೆಂಬರಿನ ಆ ವಾರವನ್ನು ಎಲ್ಲಿ ಬರೆದಿದ್ದೇವೆ, ಏನಂತ ಬರೆದಿದ್ದೇವೆ ಅನ್ನೋದು ನನ್ನ ಪ್ರಶ್ನೆ.

ಮೊದಲು ಕುದುರೆಯ ಕಥೆ ಹೇಳಿಬಿಡುತ್ತೇನೆ. ಕಾಲಾ ಘೋಡಾ ಅಂದರೆ ಕರಿಕುದುರೆ. ಮುಂದೆ ಏಳನೇ ಎಡ್ವರ್ಡ್ ಆದ ಇಂಗ್ಲೆಂಡಿನ ರಾಜಕುಮಾರ ಕುದುರೆ ಏರಿದ ಕಂಚಿನ ಪ್ರತಿಮೆ ಅಲ್ಲಿತ್ತು. ಕೊಡಿಸಿದವನು ಆಲ್ಬರ್ಟ್ ಸಾಸೂನ್ ಎಂಬ ಸಾಹುಕಾರ. 1965ರಲ್ಲಿ ಅದನ್ನು ಕಿತ್ತು ಭಾಯಖಳಾದ ರಾಣಿಬಾಗಿಗೆ ಸಾಗಿಸಿದರು. ಪ್ರತಿಮೆ ಹೋದರೂ ಜನರ ಬಾಯಲ್ಲಿ ಹೆಸರು ಉಳಿಯಿತು. 1998ರಲ್ಲಿ ಆ ಹೆಸರಿನದೇ ಒಂದು ಸಂಸ್ಥೆ ಹುಟ್ಟಿ, 1999ರಿಂದ ಉತ್ಸವ ಶುರುವಾಯಿತು. 2017ರಲ್ಲಿ ಹೊಸದೊಂದು ಕರಿಕುದುರೆಯನ್ನೂ ನಿಲ್ಲಿಸಿದರು. ಈ ಸಾರಿ ಮೇಲೆ ಸವಾರ ಇಲ್ಲ. ರಾಜನನ್ನು ಇಳಿಸಿ ಕುದುರೆಯನ್ನು ಉಳಿಸಿಕೊಂಡದ್ದು ಒಳ್ಳೆಯದೇ. ವಸಾಹತುಶಾಹಿಯಿಂದ ಬಿಡುಗಡೆ ಅಂತ ಇದಕ್ಕೆ ಯಾರಾದರೂ ಅರ್ಥ ಹೇಳಿದರೆ ನಾನು ಇಲ್ಲ ಅನ್ನಲಾರೆ.

ಆದರೆ ನಮ್ಮವರಿಗೆ ಕುದುರೆ ಅಂದರೆ ಬೇರೆ ನೆನಪು. ಮದುವೆ ದಿನ ಕುದುರೆ ಏರಿದ್ದಕ್ಕೆ ಕಲ್ಲು ತಿಂದ ಮದುಮಕ್ಕಳ ಸುದ್ದಿ ಗುಜರಾತು, ರಾಜಸ್ಥಾನಗಳಿಂದ ಬರುತ್ತಲೇ ಇರುತ್ತದೆ. 2018ರ ಮಾರ್ಚಿನಲ್ಲಿ, ಮುಂಬಯಿಯಲ್ಲಿ ಆ ಹೊಸ ಕುದುರೆ ನಿಂತು ಒಂದು ವರ್ಷವೂ ಆಗಿರುವಾಗ, ಭಾವನಗರ ಜಿಲ್ಲೆಯಲ್ಲಿ ಒಬ್ಬ ದಲಿತ ಹುಡುಗನ ಕೊಲೆಯಾಯಿತು. ಕುದುರೆ ಸಾಕಿ ಸವಾರಿ ಮಾಡಿದ್ದಕ್ಕೇ ಕೊಂದರು ಎಂದು ಮನೆಯವರು ದೂರಿದರು. ಖಾಲಿ ಬೆನ್ನಿನ ಆ ಕುದುರೆಯ ಮುಂದೆ ನಿಂತು ಎಲ್ಲರೂ ಫೋಟೋ ತೆಗೆಸಿಕೊಳ್ಳುವಾಗ, ಅದರ ಮೇಲೆ ಯಾರು ಕೂರಬಹುದು ಅನ್ನುವ ಪ್ರಶ್ನೆ ನನ್ನ ತಲೆಯಿಂದ ಹೋಗಲಿಲ್ಲ. ಇದು ಶಿಲ್ಪಿಯ ತಪ್ಪಲ್ಲ. ನೋಡುವ ಕಣ್ಣು ಬೇರೆಯಾದರೆ ಶಿಲ್ಪವೂ ಬೇರೆಯಾಗುತ್ತದೆ ಅನ್ನುವ ಹಳೇ ಮಾತು, ಅಷ್ಟೇ.

ಉತ್ಸವದ ಬಗ್ಗೆ ನ್ಯಾಯವಾಗಿ ಹೇಳಬೇಕು. ಬಹುಪಾಲು ಕಾರ್ಯಕ್ರಮಕ್ಕೆ ಟಿಕೆಟ್ ಇಲ್ಲ. ನಾನು ಹೋದಾಗ ಯಾರೂ ಜಾತಿ ಕೇಳಲಿಲ್ಲ, ಕೇಳಬೇಕಾದ ಅಗತ್ಯವೇ ಅವರಿಗೆ ಇರಲಿಲ್ಲ ಅನ್ನೋದು ಬೇರೆ ಮಾತು. ಜಹಾಂಗೀರ್ ಕಲಾ ಗ್ಯಾಲರಿ, ಡೇವಿಡ್ ಸಾಸೂನ್ ಗ್ರಂಥಾಲಯ, ಎಲ್ಫಿನ್‌ಸ್ಟನ್ ಕಾಲೇಜು, ಎಲ್ಲ ಅಲ್ಲಲ್ಲೇ. 1907ರಲ್ಲಿ ಮೆಟ್ರಿಕ್ ಮುಗಿಸಿದ ಭೀಮರಾವ್ ಅನ್ನುವ ಹುಡುಗ ಪರೇಲಿನ ಚಾಳಿನಿಂದ ಬಂದು ಓದಿದ್ದು ಇದೇ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ. ಬೀದಿಯಲ್ಲಿ ಗುಜರಿ ಸಾಮಾನು ಜೋಡಿಸಿ ಮಾಡಿದ ದೊಡ್ಡ ದೊಡ್ಡ ಆಕೃತಿಗಳಿದ್ದವು. ಡಬ್ಬಿ, ಸೈಕಲ್ ಚಕ್ರ, ಪ್ಲಾಸ್ಟಿಕ್ಕು. ಚೆನ್ನಾಗಿಯೇ ಇದ್ದವು. ಬೆಳಿಗ್ಗೆ ಬೇಗ ಹೋದರೆ ಮಹಾನಗರಪಾಲಿಕೆಯ ಹೆಣ್ಣುಮಕ್ಕಳು ಆ ಆಕೃತಿಗಳ ಸುತ್ತ ಕಸ ಗುಡಿಸುತ್ತಿದ್ದರು. ಯಾವ ಡಬ್ಬಿ ಕಲೆ, ಯಾವ ಡಬ್ಬಿ ಕಸ ಅನ್ನೋದು ಅವರಿಗೆ ಕರಾರುವಾಕ್ಕಾಗಿ ಗೊತ್ತಿತ್ತು. ಡಿಸೆಂಬರಿನಲ್ಲಿ ಶಿವಾಜಿ ಪಾರ್ಕು ಗುಡಿಸುವುದೂ ಅವರ ಜನವೇ.

ಈಗ ದಾದರಿಗೆ ಬರೋಣ. ಬಾಬಾಸಾಹೇಬರು ತೀರಿಕೊಂಡದ್ದು 1956ರ ಡಿಸೆಂಬರ್ 6, ದಿಲ್ಲಿಯಲ್ಲಿ. ಮಾರನೇ ದಿನ ಅಂತ್ಯಸಂಸ್ಕಾರವಾದದ್ದು ದಾದರಿನ ಈ ದಂಡೆಯಲ್ಲಿ. ಚೈತ್ಯಭೂಮಿಯ ಸ್ತೂಪ 1971ರಲ್ಲಿ ಬಂತು. ಜನ ಅದಕ್ಕೂ ಮೊದಲೇ ಬರುತ್ತಿದ್ದರು. ಡಿಸೆಂಬರ್ 6ಕ್ಕೆ ಎರಡು ಮೂರು ದಿನ ಮುಂಚಿನಿಂದಲೇ ವಿದರ್ಭದಿಂದ, ಮರಾಠವಾಡದಿಂದ, ನಮ್ಮ ಕಲಬುರಗಿ ಬೀದರಿನಿಂದ ರೈಲು ತುಂಬಿ ಬರುತ್ತಾರೆ. ರೈಲ್ವೆಯವರು ವಿಶೇಷ ಗಾಡಿ ಬಿಡುತ್ತಾರೆ, ನಗರಪಾಲಿಕೆಯವರು ಶಿವಾಜಿ ಪಾರ್ಕಿನಲ್ಲಿ ಮಂಡಪ, ನಲ್ಲಿ, ಶೌಚಾಲಯ ಹಾಕುತ್ತಾರೆ. ಲಕ್ಷಗಟ್ಟಲೆ ಜನ. ರೊಟ್ಟಿ ಚಟ್ನಿ ಗಂಟು ಬಿಚ್ಚಿ ಮೈದಾನದಲ್ಲೇ ಊಟ, ಅಲ್ಲೇ ನಿದ್ದೆ. ಸ್ತೂಪದ ಸಾಲಿನಲ್ಲಿ ಗಂಟೆಗಟ್ಟಲೆ ನಿಲ್ಲುತ್ತಾರೆ. ಸಾಲಿನಿಂದ ಹೊರಬಂದವರು ನೇರ ಹೋಗುವುದು ಪುಸ್ತಕದಂಗಡಿಗೆ.

ಇದನ್ನು ನಾನು ಒತ್ತಿ ಹೇಳಬೇಕು. ಬೇರೆ ಜಾತ್ರೆಯಲ್ಲಿ ದೇವರ ದರ್ಶನ ಆದಮೇಲೆ ಕೊಬ್ಬರಿ, ಕುಂಕುಮ, ಬೆಂಡು ಬತ್ತಾಸು. ಇಲ್ಲಿ ಪುಸ್ತಕ. ಸರ್ಕಾರ 1979ರಿಂದ ತರುತ್ತಾ ಬಂದ ಅಂಬೇಡ್ಕರರ ಬರಹ ಭಾಷಣಗಳ ದಪ್ಪ ಸಂಪುಟಗಳಿಂದ ಹಿಡಿದು ಹಾಡಿನ ತೆಳ್ಳನೆ ಪುಸ್ತಿಕೆಗಳತನಕ. ಒಬ್ಬ ಮುದುಕಿ, ನಮ್ಮ ಕಡೆಯವಳೇ, ಮಾತಿನಿಂದ ಗೊತ್ತಾಯಿತು, ಮರಾಠಿಯ ಒಂದು ಪುಸ್ತಕ ಹಿಡಿದು ನನ್ನ ಕೈಗೆ ಕೊಟ್ಟಳು. "ಏನ್ ಬರ್ದಾರ ತಮ್ಮಾ ಇದ್ರಾಗ?" 'ಜಾತಿ ವಿನಾಶ'. "ಜಾತಿ ಹೆಂಗ ಹೋಗ್ತದ ಅಂತ ಬಾಬಾಸಾಹೇಬ್ರು ಬರ್ದಾರ ಯವ್ವಾ, ಆದ್ರ ಇದು ಮರಾಠಿ ಐತಿ" ಅಂದೆ. "ಇರ್ಲಿ ಬಿಡು, ಮೊಮ್ಮಗ ಕಲೀತಾನ" ಅಂತ ರೊಕ್ಕ ಎಣಿಸಿದಳು. ಓದು ಬಾರದವಳು ಪುಸ್ತಕ ಕೊಳ್ಳುವ ಉತ್ಸವ ಇದು. ಕಾಲಾ ಘೋಡಾದ ಸಾಹಿತ್ಯ ಗೋಷ್ಠಿಯಲ್ಲಿ ನನ್ನ ಪಕ್ಕ ಕೂತವರೆಲ್ಲ ಓದು ಬಲ್ಲವರು. ಅವರು ಲೇಖಕರನ್ನು ನೋಡಲು ಬಂದಿದ್ದರು. ಯಾವುದು ಹೆಚ್ಚು, ಯಾವುದು ಕಮ್ಮಿ ಅನ್ನುತ್ತಿಲ್ಲ. ಎರಡಕ್ಕೂ ಒಂದೇ ಮೀಮಾಂಸೆ ಸಾಲದು ಅನ್ನುತ್ತಿದ್ದೇನೆ. ಈ ಪುಸ್ತಿಕೆಗಳು, ಗಾಯನ ಪಾರ್ಟಿಗಳು ದಲಿತರದೇ ಒಂದು ಬೇರೆ ಸಾರ್ವಜನಿಕ ಲೋಕವನ್ನು ಕಟ್ಟಿವೆ ಅಂತ ಶರ್ಮಿಳಾ ರೇಗೆ ಬಹಳ ಹಿಂದೆಯೇ ಗುರುತಿಸಿದ್ದರು. ಕನ್ನಡದಲ್ಲಿ ನಾವು ಇನ್ನೂ ಕಾದಂಬರಿ, ಆತ್ಮಕಥೆ, ಕವನಸಂಕಲನಗಳ ಸುತ್ತಲೇ ತಿರುಗುತ್ತಿದ್ದೇವೆ.

ಹಾಡಿನ ಹಿಂದೆ ಒಂದು ಇತಿಹಾಸ ಇದೆ. ಮರಾಠಿ ತಮಾಶಾದಲ್ಲಿ ಮೊದಲು ಗಣ, ಅಂದರೆ ಗಣಪತಿ ಸ್ತುತಿ. ಆಮೇಲೆ ಗವಳಣ, ಕೃಷ್ಣ ಗೊಲ್ಲತಿಯರ ಸರಸ. ಆಮೇಲೆ ಲಾವಣಿ, ವಗ. ಹಾಡಿ, ಬಾರಿಸಿ, ಕುಣಿದವರಲ್ಲಿ ಬಹುಪಾಲು ಮಹಾರರು, ಮಾಂಗರು, ಕೊಲ್ಹಾಟಿ ಹೆಣ್ಣುಮಕ್ಕಳು. ನೋಡಿ ಸಿಳ್ಳೆ ಹಾಕಿದವರು ಊರ ಗೌಡರು. ಜ್ಯೋತಿಬಾ ಫುಲೆಯವರ ಸತ್ಯಶೋಧಕ ಪರಂಪರೆಯವರು ಈ ರೂಪವನ್ನೇ ಎತ್ತಿಕೊಂಡು ಜಲಸಾ ಮಾಡಿದರು. ನಂತರ 1930ರ ದಶಕದಲ್ಲಿ ಭೀಮರಾವ್ ಕರ್ಡಕರಂಥವರು ಅಂಬೇಡ್ಕರೀ ಜಲಸಾ ಕಟ್ಟಿದರು. ಗಣಪತಿಯ ಜಾಗದಲ್ಲಿ ಭೀಮನ ವಂದನೆ ಬಂತು. ಗವಳಣ ಹೋಯಿತು. ಕೆರೆ, ಗುಡಿ, ಸಾಲ, ಶಾಲೆ ಕಥೆಯಾಗಿ ಬಂದವು. ತನ್ನ ಹತ್ತು ಸಭೆಗೆ ಕರ್ಡಕರ ಒಂದು ಜಲಸಾ ಸಮ ಎಂದು ಬಾಬಾಸಾಹೇಬರೇ ಹೇಳಿದ್ದರೆಂಬ ಮಾತು ಇವತ್ತಿಗೂ ಚಾಲ್ತಿಯಲ್ಲಿದೆ. ಮುಂದೆ ವಾಮನದಾದಾ ಕರ್ಡಕ್ ಬಂದರು, ಊರೂರು ತಿರುಗಿ ಹಾಡಿದರು.

ಇಲ್ಲಿ ಡಿ.ಆರ್. ನಾಗರಾಜ್ ನೆನಪಾಗುತ್ತಾರೆ. ದಲಿತ ಚಳವಳಿ ತನ್ನ ಭೂತಕಾಲವನ್ನೆಲ್ಲ ಅವಮಾನ ಅಂತ ಬಿಸಾಕಿದರೆ ಸಾಂಸ್ಕೃತಿಕವಾಗಿ ಬಡವಾಗುತ್ತದೆ ಅನ್ನುವುದು ಅವರ ಆತಂಕವಾಗಿತ್ತು. 1993ರಲ್ಲಿ ಅವರು ಇಂಗ್ಲಿಷಿನಲ್ಲಿ ಬರೆದ 'ಉರಿಯುವ ಪಾದಗಳು' ಪುಸ್ತಕದ ತಿರುಳಿನಲ್ಲಿ ಅದೂ ಒಂದು. ಆತಂಕ ಸುಳ್ಳಲ್ಲ. ಆದರೆ ಜಲಸಾದವರು ಆ ಪ್ರಶ್ನೆಗೆ ಅರವತ್ತು ವರ್ಷ ಮೊದಲೇ ತಮ್ಮ ರೀತಿಯಲ್ಲಿ ಉತ್ತರ ಕೊಟ್ಟಿದ್ದರು. ಢೋಲಕಿಯನ್ನು ಬಿಸಾಕಲಿಲ್ಲ, ಪೂಜೆಯನ್ನೂ ಮಾಡಲಿಲ್ಲ. ಯಾರಿಗಾಗಿ ಬಾರಿಸುತ್ತೇವೆ ಅನ್ನೋದನ್ನ ಬದಲಿಸಿದರು.

ಇದಕ್ಕೆ ತೆತ್ತ ಬೆಲೆ ಹೆಣ್ಣಿನದು. ಮರ್ಯಾದೆಯ ಹೆಸರಿನಲ್ಲಿ ತಮಾಶಾದ ಹೆಣ್ಣನ್ನು ಜಲಸಾದ ವೇದಿಕೆಯಿಂದ ಇಳಿಸಲಾಯಿತು. ಹೆಣ್ಣು ಪಾತ್ರವನ್ನು ಗಂಡಸರೇ ಮಾಡಿದರು. ಗೌಡರ ಸಿಳ್ಳೆಯಿಂದ ಆಕೆಯನ್ನು ಬಿಡಿಸಬೇಕಿತ್ತು, ನಿಜ. ಬಿಡಿಸಿದ ಮೇಲೆ ಆಕೆಗೆ ಎಲ್ಲಿ ಜಾಗ ಕೊಟ್ಟೆವು? ಶೈಲಜಾ ಪೈಕ್ ಅವರ 2022ರ ಪುಸ್ತಕ ತಮಾಶಾದ ಹೆಣ್ಣುಮಕ್ಕಳನ್ನು ಇಟ್ಟುಕೊಂಡು ಈ ಮರ್ಯಾದೆಯ ಪ್ರಶ್ನೆಯನ್ನೇ ಕೆದಕುತ್ತದೆ. ಇದು ನಮ್ಮ ಕಡೆಯ ಪ್ರಶ್ನೆಯೂ ಹೌದು. ದೇವದಾಸಿ ಪದ್ಧತಿ ನಿಲ್ಲಲೇಬೇಕು. 1982ರ ಕಾನೂನು ಬಂದದ್ದು ಸರಿ. ಆದರೆ ಚೌಡಿಕೆ ಹಿಡಿದು ರಾತ್ರಿ ಇಡೀ ಎಲ್ಲಮ್ಮನ ಕಥೆ ಹಾಡುತ್ತಿದ್ದ ಜೋಗತಿಯ ಕಂಠವನ್ನು ಚಳವಳಿ ಏನು ಮಾಡಿತು? ನಾವು ಮುಜುಗರದಿಂದ ಕೈಬಿಟ್ಟೆವು, ಉತ್ಸವದವರು 'ಜಾನಪದ' ಅಂತ ಎತ್ತಿಕೊಂಡು ಹೋದರು. ಈಗ ಕಡೂಬಾಯಿ ಖರಾತ್ ಏಕತಾರಿ ಹಿಡಿದು ಭೀಮಗೀತೆ ಹಾಡಿದರೆ ಸಾವಿರಾರು ಜನ ಕೂತು ಕೇಳುತ್ತಾರೆ. ಇಳಿಸಿದ ವೇದಿಕೆಗೆ ಹೆಣ್ಣು ತಾನೇ ಹತ್ತಿ ಬಂದದ್ದು ಇದು. ಯಾರೂ ಕೈಹಿಡಿದು ಕರೆತಂದದ್ದಲ್ಲ.

ಹಾಡುವುದು ಎಷ್ಟು ಭಾರದ ಕೆಲಸ ಅನ್ನೋದಕ್ಕೆ ಈ ಊರಿನಲ್ಲೇ ಒಂದು ಸಾವು ಇದೆ. 1997ರ ಜುಲೈ 11ರಂದು ಘಾಟ್ಕೋಪರಿನ ರಮಾಬಾಯಿ ನಗರದಲ್ಲಿ ಅಂಬೇಡ್ಕರ್ ಪ್ರತಿಮೆಗೆ ಚಪ್ಪಲಿ ಹಾರ ಹಾಕಿದ್ದರು. ಪ್ರತಿಭಟಿಸಿದವರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಹತ್ತು ಜನ ಸತ್ತರು. ಅದಾದ ನಾಲ್ಕು ದಿನಕ್ಕೆ ಶಾಹಿರ ವಿಲಾಸ್ ಘೋಗ್ರೆ ತಲೆಗೆ ನೀಲಿ ಪಟ್ಟಿ ಕಟ್ಟಿಕೊಂಡು ನೇಣು ಹಾಕಿಕೊಂಡರು. ಎಡಪಂಥೀಯ ತಂಡದ ಹಾಡುಗಾರ ಅವರು. ಕೆಂಪು ಹಾಡಿದವರು ಸಾಯುವಾಗ ನೀಲಿ ಕಟ್ಟಿಕೊಂಡದ್ದರ ಅರ್ಥ ಏನು ಅಂತ ನಮ್ಮ ಗೆಳೆಯರು ಜಗಳ ಆಡಿದ್ದಾರೆ, ಇನ್ನೂ ಆಡುತ್ತಾರೆ. ಆನಂದ್ ಪಟವರ್ಧನ್ ಹದಿನಾಲ್ಕು ವರ್ಷ ಚಿತ್ರೀಕರಿಸಿ 2011ರಲ್ಲಿ ಮುಗಿಸಿದ 'ಜೈ ಭೀಮ್ ಕಾಮ್ರೇಡ್' ಈ ಸಾವಿನಿಂದಲೇ ಹೊರಟ ಚಿತ್ರ. ಈ ಸಂಚಿಕೆ ಓದುವ ಹುಡುಗ ಹುಡುಗಿಯರು ಒಮ್ಮೆ ನೋಡಬೇಕು.

ಹಾಗಂತ ಶಿವಾಜಿ ಪಾರ್ಕಿನಲ್ಲಿ ಕೇಳಿದ್ದೆಲ್ಲ ಬಂಗಾರ ಅಲ್ಲ. ಒಂದು ಧ್ವನಿವರ್ಧಕ ಇನ್ನೊಂದನ್ನು ನುಂಗುತ್ತಿತ್ತು. ಸಿನಿಮಾ ಧಾಟಿಗೆ ಬಾಬಾಸಾಹೇಬರ ಹೆಸರು ತುರುಕಿದ ಹಾಡುಗಳೇ ಜಾಸ್ತಿ. ನಾವು ಹುಲಿ, ನಾವು ಸಿಂಹ, ನಮ್ಮ ತಂಟೆಗೆ ಬಂದರೆ ಹುಷಾರ್ ಅನ್ನುವ ಠೇಂಕಾರ. ಪುಢಾರಿಗಳ ಫ್ಲೆಕ್ಸಿನಲ್ಲಿ ಬಾಬಾಸಾಹೇಬರ ಮುಖಕ್ಕಿಂತ ಪುಢಾರಿಯ ಮುಖ ದೊಡ್ಡದು. ಇಳಿವಯಸ್ಸಿನಲ್ಲಿ ಪಿಟೀಲು ಕಲಿಯಲು ಕೂತ ಮನುಷ್ಯನ ಹೆಸರಿನಲ್ಲಿ ಕಿವಿ ಕಿತ್ತುಹೋಗುವ ಸದ್ದು! ಇದನ್ನು ಹೇಳಿದರೆ ಗೆಳೆಯರಿಗೆ ಸಿಟ್ಟು ಬರುತ್ತದೆ. "ನಮ್ಮವರನ್ನ ನೀನೂ ಬೈತೀಯಾ?" ಅಂತಾರೆ. ನಮ್ಮವರದು ಅಂತ ಎಲ್ಲದಕ್ಕೂ ಭೇಷ್ ಅನ್ನೋದು ಮೇಲಿನವರು ನಮ್ಮನ್ನು ಕರುಣೆಯಿಂದ ನೋಡುವುದರ ಇನ್ನೊಂದು ಮುಖ. ವಾಮನದಾದಾರ ಹಾಡಿಗೂ ಈ ಧಾಟಿ ಹಾಡಿಗೂ ವ್ಯತ್ಯಾಸ ಎಲ್ಲಿದೆ, ಶಬ್ದದಲ್ಲೋ ತಾಳದಲ್ಲೋ ಹಾಡುವವನ ಬದುಕಿನಲ್ಲೋ, ಇದನ್ನು ಹೇಳಬಲ್ಲ ವಿಮರ್ಶೆ ನಮ್ಮಿಂದಲೇ ಬರಬೇಕು. ಮೈದಾನದಲ್ಲಿ ಕೂತಿದ್ದ ಜನ ಇದನ್ನು ಮಾಡುತ್ತಲೇ ಇದ್ದರು: ಚಲೋ ಹಾಡಿದವನ ಮುಂದೆ ಹತ್ತರ ನೋಟು ಇಡುತ್ತಿದ್ದರು, ಉಳಿದ ಕಡೆ ಎದ್ದು ಹೋಗುತ್ತಿದ್ದರು.

ಉತ್ಸವದವರಿಗೆ ದಲಿತರ ಕಲೆ ಬೇಡ ಅಂತಲ್ಲ. ಬೇಕು, ಮೆರವಣಿಗೆಗೆ ಬೇಕು. ನಮ್ಮ ಊರಿನ ಯಾವುದೇ ಸಮ್ಮೇಳನ ನೋಡಿ. ಅಧ್ಯಕ್ಷರ ಸಾರೋಟಿನ ಮುಂದೆ ಬಿಸಿಲಲ್ಲಿ ತಮಟೆ, ಹಲಗೆ, ಡೊಳ್ಳು. ವೇದಿಕೆ ಮುಟ್ಟಿದ ಕೂಡಲೆ ಬಾರಿಸಿದವರಿಗೆ ಊಟದ ಕೂಪನ್ನು. ಒಳಗೆ ಬೇರೆ ವಾದ್ಯ, ಬೇರೆ ಜನ. ತಮಟೆ ಬೀದಿಯಿಂದ ವೇದಿಕೆಯ ತನಕ ಬರುತ್ತದೆ, ಮೆಟ್ಟಿಲು ಹತ್ತುವುದಿಲ್ಲ. ಹತ್ತಿದರೂ ಐದು ನಿಮಿಷ, ಅದೂ ಗಣ್ಯರು ಒಮ್ಮೆ ಬಾರಿಸಿ ಫೋಟೋ ತೆಗೆಸಿಕೊಳ್ಳೋದಕ್ಕೆ. ದಸಂಸ ಹುಟ್ಟಿದ ಕಾಲದಲ್ಲಿ ಅದೇ ತಮಟೆ ಜಾಥಾಕ್ಕೆ ಬಂದಾಗ ಬಾರಿಸಿದವನೇ ಹಾಡಿದ, ಹಾಡಿದವನೇ ಭಾಷಣ ಮಾಡಿದ. ವ್ಯತ್ಯಾಸ ಚರ್ಮದಲ್ಲಿರಲಿಲ್ಲ.

ದಾದರಿನಿಂದ ಬರುವಾಗ ಹನ್ನೊಂದು ಹಾಡಿನ ಪುಸ್ತಿಕೆ ತಂದೆ. ನಾನು ಪಾಠ ಮಾಡುವ ಕಾಲೇಜಿನ ಗ್ರಂಥಾಲಯಕ್ಕೆ ಕೊಡೋಣ ಅಂತ ಹೋದೆ. ಅಲ್ಲಿದ್ದವರು ಒಳ್ಳೆಯ ಮನುಷ್ಯರೇ. ಹಿಂದೆ ಮುಂದೆ ತಿರುಗಿಸಿ ನೋಡಿ, "ಸರ್, ಇದನ್ನ ಯಾವ ವಿಭಾಗದಲ್ಲಿ ಏರಿಸ್ಲಿ? ಧರ್ಮ ಅನ್ನಲಾ, ಜಾನಪದ ಅನ್ನಲಾ?" ಅಂದರು. ಸಾಹಿತ್ಯ ಅಂತ ಬರೀರಿ ಅಂದೆ. "ಕೇಳಿ ಹೇಳ್ತೀನಿ" ಅಂದರು. ಪುಸ್ತಿಕೆಗಳು ಈಗ ನನ್ನ ಮೇಜಿನ ಮೇಲಿವೆ. ನಾಲ್ಕನ್ನು ವಿದ್ಯಾರ್ಥಿಗಳು ಒಯ್ದವರು ವಾಪಸು ಕೊಟ್ಟಿಲ್ಲ, ನಾನೂ ಕೇಳಿಲ್ಲ.