ಸಲಾಲಾ ದಾರಿಯ ಪುಸ್ತಕ ಮತ್ತು ನಮ್ಮ ಸಲಾಲಾ ಲೇಖನಗಳು

ಒಮಾನಿನ ಕನ್ನಡಿಗರು ಹೊರತರುವ ಸ್ಮರಣಸಂಚಿಕೆಗಳಲ್ಲಿ ಸಲಾಲಾ ಪ್ರವಾಸದ ಲೇಖನವಿಲ್ಲದ ಸಂಚಿಕೆ ಸಿಗುವುದು ಕಷ್ಟ. ನಾನೂ ಒಂದು ಬರೆದಿದ್ದೇನೆ. ಅದರ ಜಾಡು ಓದುಗರಿಗೆ ಗೊತ್ತೇ ಇದೆ: ನಸುಕಿನಲ್ಲಿ ಚಿತ್ರಾನ್ನ ಕಟ್ಟಿಕೊಂಡು ಮಸ್ಕತ್ತಿನಿಂದ ಹೊರಟೆವು, ನಿಜ್ವಾ, ಆದಂ ದಾಟಿದೆವು, ಮುಂದೆ ಬರೀ ಮರಳುಗಾಡು, ನೋಡಲು ಏನೂ ಇಲ್ಲ, ತುಮ್ರೈತ್ ಕಳೆದು ಘಾಟಿ ಇಳಿಯುತ್ತಿದ್ದಂತೆ ಮಂಜು, ಜಿಟಿಜಿಟಿ ಮಳೆ, ಹಸಿರು. ಆಹಾ, ನಮ್ಮ ಆಗುಂಬೆ! ಸುಮಾರು ಸಾವಿರ ಕಿಲೋಮೀಟರಿನ ದಾರಿಯಲ್ಲಿ ಕೊನೆಯ ಐವತ್ತು ಕಿಲೋಮೀಟರಿಗೆ ನಾಲ್ಕು ಪುಟ, ಉಳಿದದ್ದಕ್ಕೆಲ್ಲ ನಾಲ್ಕು ಸಾಲು.

ನಿವೃತ್ತಿಯ ನಂತರ ಇದೇ ದಾರಿಯ ಬಗ್ಗೆ ಇಂಗ್ಲಿಷಿನಲ್ಲಿರುವ ಒಂದು ಪುಸ್ತಕವನ್ನು ಎರಡು ಬಾರಿ ಓದಿದೆ. ಜೇಮ್ಸ್ ಮಾರಿಸ್ ಅವರ 'ಸುಲ್ತಾನ್ ಇನ್ ಒಮಾನ್', ಪ್ರಕಟವಾದದ್ದು 1957ರಲ್ಲಿ. ಮುಂದೆ ಜ್ಯಾನ್ ಮಾರಿಸ್ ಎಂಬ ಹೆಸರಿನಿಂದ ಜಗತ್ಪ್ರಸಿದ್ಧರಾದವರು ಇವರೇ. 1953ರಲ್ಲಿ ಎವರೆಸ್ಟ್ ಏರಿದ ಸುದ್ದಿಯನ್ನು ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ತಲುಪಿಸಿದವರೂ ಇವರೇ. ಆ ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಂಡು ನಮ್ಮ ಲೇಖನಗಳನ್ನು ವಿಮರ್ಶಿಸುವುದು ಇಲ್ಲಿನ ಉದ್ದೇಶ. ಹಾಗೆ ಮಾಡಿದರೆ ಪುಸ್ತಕವೂ ವಿಮರ್ಶೆಯಿಂದ ತಪ್ಪಿಸಿಕೊಳ್ಳುವುದಿಲ್ಲ.

ಕಥೆ ಇಷ್ಟು. 1955ರ ಡಿಸೆಂಬರಿನಲ್ಲಿ ಸುಲ್ತಾನ್ ಸಯೀದ್ ಬಿನ್ ತೈಮೂರ್ ಸಲಾಲಾದಿಂದ ಲಾರಿಗಳ ಸಾಲಿನೊಂದಿಗೆ ಉತ್ತರಕ್ಕೆ ಹೊರಟರು. ಒಳನಾಡು ಅಲ್ಲಿಯವರೆಗೆ ಇಮಾಮ್ ಗಾಲಿಬ್ ಬಿನ್ ಅಲಿಯ ಕೈಯಲ್ಲಿತ್ತು. ಸುಲ್ತಾನರ ಪಡೆ ನಿಜ್ವಾವನ್ನು ಹಿಡಿದದ್ದು ಅದೇ ತಿಂಗಳು. ತನ್ನದೆಂದು ಹೇಳಿಕೊಳ್ಳುತ್ತಿದ್ದ, ಆದರೆ ಕಾಲಿಡದ ನಾಡನ್ನು ಸುಲ್ತಾನರು ನೋಡಲು ಹೊರಟಿದ್ದರು. ಮಾರಿಸ್ ಜೊತೆಗಿದ್ದ ವರದಿಗಾರ. ಖರಾ ಬೆಟ್ಟ ಹತ್ತಿ, ಜಿದ್ದತ್ ಅಲ್ ಹರಾಸಿಸ್ ಎಂಬ ಜಲ್ಲಿಕಲ್ಲಿನ ಬಯಲು ದಾಟಿ, ಫಹೂದ್‌ನ ತೈಲ ಶೋಧಕರ ಬಿಡಾರ ಮುಟ್ಟಿ, ಆದಂ ಮೂಲಕ ನಿಜ್ವಾ. ಅಲ್ಲಿಂದ ಬುರೈಮಿ, ಸೊಹಾರ್, ಕೊನೆಗೆ ಮಸ್ಕತ್. ಆಗ್ನೇಯ ಅರೇಬಿಯವನ್ನು ಮೋಟಾರಿನಲ್ಲಿ ಹೀಗೆ ದಾಟಿದ್ದು ಅದೇ ಮೊದಲು ಎಂಬುದು ಪುಸ್ತಕದ ಹೆಮ್ಮೆ. ಟಾರು ರಸ್ತೆ ಇರಲಿಲ್ಲ. 1970ರಲ್ಲಿ ಕೂಡ ಇಡೀ ದೇಶದಲ್ಲಿ ಇದ್ದ ಟಾರು ರಸ್ತೆ ಸುಮಾರು ಹತ್ತು ಕಿಲೋಮೀಟರ್ ಮಾತ್ರ.

ಪುಸ್ತಕದ ಗುಣವನ್ನು ಮೊದಲು ಒಪ್ಪಬೇಕು. ನಾವು 'ಏನೂ ಇಲ್ಲ' ಎಂದು ಬಿಟ್ಟ ಬಯಲೇ ಅವರಿಗೆ ಪುಸ್ತಕವಾಗುತ್ತದೆ. ಬೆಳಕು ಹೇಗೆ ಬದಲಾಗುತ್ತದೆ, ರಾತ್ರಿ ಬೆಂಕಿಯ ಸುತ್ತ ಯಾರು ಎಲ್ಲಿ ಕೂರುತ್ತಾರೆ, ಯಾರು ಯಾರಿಗೆ ಎದ್ದು ನಿಲ್ಲುತ್ತಾರೆ ಎಂಬುದನ್ನೆಲ್ಲ ಬೇಸರವಿಲ್ಲದೆ ನೋಡುತ್ತಾರೆ. ಹಸಿರು ಬೆಟ್ಟದ ಒಡೆಯ ಸುಲೈಮಾನ್ ಬಿನ್ ಹಿಮ್ಯಾರ್ ಛಾವಣಿ ತೆರೆಯುವ ಅಮೆರಿಕನ್ ಕಾರಿನಲ್ಲಿ ಬಂದು ಸುಲ್ತಾನರಿಗೆ ಶರಣಾಗುವ ಪ್ರಸಂಗದಲ್ಲಿ ನಗು, ಭಯ, ರಾಜಕೀಯ ಮೂರೂ ಒಟ್ಟಿಗಿವೆ. ಇಂಥ ಒಂದು ಪ್ಯಾರಾ ನಮ್ಮ ಸಲಾಲಾ ಲೇಖನಗಳಲ್ಲಿ ನನಗೆ ಸಿಕ್ಕಿಲ್ಲ, ನನ್ನದರಲ್ಲಂತೂ ಇಲ್ಲ.

ಆದರೆ ಲಾರಿ ಸುಲ್ತಾನರದು, ಊಟ ಸುಲ್ತಾನರದು. ದಾರಿಯಲ್ಲಿ ಕಾಣುವವರೆಲ್ಲ ಸಲಾಮು ಮಾಡಲು ಬಂದವರು. ಪರಿವಾರದಲ್ಲಿದ್ದ ಗುಲಾಮರು ಮಾರಿಸ್ ಅವರ ಕಣ್ಣಿಗೆ ಚಿತ್ರದ ಒಂದು ಬಣ್ಣವಾಗಿ ಬರುತ್ತಾರೆಯೇ ಹೊರತು ಪ್ರಶ್ನೆಯಾಗಿ ಬರುವುದಿಲ್ಲ. ವೈದ್ಯನಾಗಿ ನನಗೆ ಕಾಡಿದ್ದು ಇನ್ನೊಂದು ಕೊರತೆ: ಇಷ್ಟು ಉದ್ದದ ದಾರಿಯಲ್ಲಿ ಒಬ್ಬ ಬಸುರಿಗೆ ನೋವು ಬಂದರೆ ಎಲ್ಲಿಗೆ ಹೋಗುತ್ತಿದ್ದಳು ಎಂಬ ಯೋಚನೆ ಪುಸ್ತಕದ ಕೇಂದ್ರಕ್ಕೆ ಬರುವುದೇ ಇಲ್ಲ. ಆಗ ಹೇಳಿಕೊಳ್ಳುವಂಥ ಆಸ್ಪತ್ರೆ ಎಂದರೆ ಮುತ್ರಾದಲ್ಲಿ ಅಮೆರಿಕದ ಮಿಷನ್ನಿನವರದು, ವೆಲ್ಸ್ ಥಾಮ್ಸ್ ಎಂಬ ವೈದ್ಯರು ದಶಕಗಳ ಕಾಲ ನಡೆಸಿದ್ದು. 1970ರ ಹೊತ್ತಿಗೂ ಈ ದೇಶದಲ್ಲಿ ಐದು ಮಕ್ಕಳಲ್ಲಿ ಒಂದಾದರೂ ಐದು ವರ್ಷ ತುಂಬುವ ಮುಂಚೆ ಸಾಯುತ್ತಿತ್ತು. ರಸ್ತೆಯಿಲ್ಲದ ನಾಡಿನ ಸೊಬಗನ್ನು ಬರೆಯುವವರು ಈ ಲೆಕ್ಕವನ್ನೂ ಇಟ್ಟುಕೊಳ್ಳಬೇಕು.

ವಿಲ್ಫ್ರೆಡ್ ಥೆಸಿಗರ್ ಅವರ 'ಅರೇಬಿಯನ್ ಸ್ಯಾಂಡ್ಸ್' ಓದಿದವರು ಇಲ್ಲಿ ನನ್ನ ಮೇಲೆ ಸಿಟ್ಟಾಗಬಹುದು. ಸಲಾಲಾದಿಂದ ಒಂಟೆಯ ಮೇಲೆ ಹೊರಟು ರುಬ್ ಅಲ್ ಖಾಲಿ ದಾಟಿದ ಆ ಮನುಷ್ಯ ಮೋಟಾರು ವಾಹನವನ್ನು ಶಾಪವೆಂದೇ ಭಾವಿಸಿದ್ದರು. 1977ರಲ್ಲಿ ಮರಳಿ ಬಂದಾಗ ಹಳೆಯ ಗೆಳೆಯರು ಕಾರಿನಲ್ಲಿ ಓಡಾಡುವುದನ್ನು ಕಂಡು ಅವರಿಗೆ ಎಲ್ಲವೂ ಕಹಿಯಾಯಿತು. ಗದ್ಯದ ದೃಷ್ಟಿಯಿಂದ ಅದು ದೊಡ್ಡ ಪುಸ್ತಕ. ಆದರೆ ಆ ಗೆಳೆಯರು ಕಾರನ್ನು ಏಕೆ ಬಯಸಿದರು ಎಂಬುದಕ್ಕೆ ಉತ್ತರ ಗೆಳೆಯರ ಮಕ್ಕಳ ಎದೆಗೂಡಿನಲ್ಲಿತ್ತು, ಮರಳಿನಲ್ಲಿ ಅಲ್ಲ. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೇಶಗಳ ಆರೋಗ್ಯ ವ್ಯವಸ್ಥೆಯ ಸಾಧನೆಯನ್ನು ಅಳೆದಾಗ ಒಮಾನ್ ಎಂಟನೆಯ ಸ್ಥಾನದಲ್ಲಿತ್ತು. ಮೂವತ್ತು ವರ್ಷದಲ್ಲಿ ಅದು ಆದದ್ದು ಲಸಿಕೆಯಿಂದ ಎಷ್ಟೋ, ರಸ್ತೆಯಿಂದಲೂ ಅಷ್ಟೇ.

ಅದೇ ರಸ್ತೆ ಕೊಂದದ್ದೂ ಉಂಟು. ಒಮಾನಿನಲ್ಲಿ 2012 ಒಂದೇ ವರ್ಷ ರಸ್ತೆ ಅಪಘಾತಗಳಲ್ಲಿ 1,139 ಮಂದಿ ಸತ್ತರು. ಆಮೇಲೆ ಸಂಖ್ಯೆ ಇಳಿಯಿತು, ಅರ್ಧಕ್ಕೂ ಕೆಳಗೆ ಬಂತು. ರಸ್ತೆ ಸುರಕ್ಷತೆಯನ್ನು ಜಗತ್ತಿನ ಬಿಕ್ಕಟ್ಟೆಂದು ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಮುಂದೆ ಇಟ್ಟದ್ದು, 2003ರ ಮೇ ತಿಂಗಳಲ್ಲಿ ನಿರ್ಣಯವಾಗಿಸಿದ್ದು ಇದೇ ಪುಟ್ಟ ದೇಶ. ಈ ಸಂಗತಿ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಆದಂ ದಾಟಿದ ಮೇಲಿನ ದಾರಿ ಬಹುಕಾಲ ಎರಡೇ ಪಥದ್ದು, ನಡುವೆ ಏನೂ ಅಡ್ಡವಿಲ್ಲದ್ದು. ದಾರಿ ನೇರವಾಗಿದ್ದಷ್ಟೂ ಕಣ್ಣು ಮೋಸ ಹೋಗುತ್ತದೆ: ರಾತ್ರಿ ಎದುರಿನ ದೀಪ ಎರಡು ಕಿಲೋಮೀಟರ್ ದೂರವಿದೆಯೋ ಹತ್ತು ಕಿಲೋಮೀಟರೋ ತಿಳಿಯುವುದಿಲ್ಲ. ಜೊತೆಗೆ ಒಂಟೆ. ಅದರ ಉದ್ದ ಕಾಲುಗಳ ಮೇಲೆ ಮೈ ಕಾರಿನ ಬಾನೆಟ್ಟಿಗಿಂತ ಎತ್ತರದಲ್ಲಿರುತ್ತದೆ. ಕಾರು ಕಾಲಿಗೆ ಬಡಿದಾಗ ನಾಲ್ಕೈದು ಕ್ವಿಂಟಲ್ ತೂಕದ ಮೈ ಮುಂಗಾಜಿನ ಮೇಲೆ, ಛಾವಣಿಯ ಮೇಲೆ ಬೀಳುತ್ತದೆ. ಸೀಟ್‌ಬೆಲ್ಟ್ ಎದೆಯನ್ನು ಕಾಯಬಹುದು. ಮೇಲಿನಿಂದ ಬಂದ ಭಾರದಿಂದ ಕುತ್ತಿಗೆಯನ್ನು ಕಾಯುವುದಿಲ್ಲ. ಕೊಲ್ಲಿ ದೇಶಗಳ ಆಸ್ಪತ್ರೆಗಳಲ್ಲಿ ಕುತ್ತಿಗೆ ಮೂಳೆ ಮುರಿದವರ ಪೈಕಿ ಒಂಟೆಗೆ ಢಿಕ್ಕಿ ಹೊಡೆದವರು ಇರುವುದು ಹೀಗೆ.

'ನೋಡಲು ಏನೂ ಇಲ್ಲ' ಎಂಬ ಮಾತು ಸುಳ್ಳು ಎನ್ನಲು ವೈದ್ಯಶಾಸ್ತ್ರ ಬೇಕಾಗಿಯೂ ಇಲ್ಲ. ಹೈಮಾದ ಪೂರ್ವಕ್ಕಿರುವ ಬಯಲಿನಲ್ಲಿ ಬಿಳಿ ಒರಿಕ್ಸ್ ಜಿಂಕೆಗಳ ಕೊನೆಯ ಕಾಡು ಹಿಂಡನ್ನು 1972ರಲ್ಲಿ ಬೇಟೆಯಾಡಿ ಮುಗಿಸಿದರು. 1982ರಲ್ಲಿ ಮೃಗಾಲಯಗಳ ಸಂತತಿಯಿಂದ ಮತ್ತೆ ತಂದು ಬಿಟ್ಟರು. ಕಾವಲಿಗೆ ಹರಾಸಿಸ್ ಬುಡಕಟ್ಟಿನವರನ್ನೇ ನೇಮಿಸಿದರು. 1994ರಲ್ಲಿ ಆ ಜಾಗ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿ ಸೇರಿತು, 2007ರಲ್ಲಿ ಪಟ್ಟಿಯಿಂದ ಹೊರಬಿತ್ತು. ಹಾಗೆ ತೆಗೆದುಹಾಕಲ್ಪಟ್ಟ ಜಗತ್ತಿನ ಮೊದಲ ತಾಣ ಅದು. ನಾವು ಎ.ಸಿ. ಹಾಕಿಕೊಂಡು ನಿದ್ದೆ ಮಾಡಿದ್ದು ಇದರ ಪಕ್ಕದಲ್ಲೇ.

ಇದು ಸಲಾಲಾದ ಲೇಖಕರದೇ ದೋಷವಲ್ಲ. ಜಗತ್ತಿನ 'ರಮಣೀಯ ರಸ್ತೆಗಳು' ಎಂಬ ಪಟ್ಟಿಗಳೆಲ್ಲ ಹೀಗೆಯೇ. ಆಸ್ಟ್ರೇಲಿಯದ ಗ್ರೇಟ್ ಓಷನ್ ರೋಡನ್ನು 1919ರಿಂದ 1932ರವರೆಗೆ ಗುದ್ದಲಿ ಹಿಡಿದು ಕಡಿದವರು ಮೊದಲ ಮಹಾಯುದ್ಧದಿಂದ ಮರಳಿದ ಸೈನಿಕರು. ಸತ್ತ ಗೆಳೆಯರ ಸ್ಮಾರಕವಾಗಿ ಕಟ್ಟಿದ ರಸ್ತೆ ಅದು. ಕಾರಾಕೋರಂ ಹೆದ್ದಾರಿಗಾಗಿ ಸಾವಿರದಷ್ಟು ಪಾಕಿಸ್ತಾನಿ ಮತ್ತು ಚೀನೀ ಕೆಲಸಗಾರರು ಪ್ರಾಣ ಕೊಟ್ಟರು. ಗಿಲ್ಗಿಟ್ ಹತ್ತಿರ ಚೀನೀಯರ ಸ್ಮಶಾನವೇ ಇದೆ. ಕನ್ನಡದಲ್ಲಿ ಬರುವ ಈ ರಸ್ತೆಗಳ ಲೇಖನಗಳಲ್ಲಿ ಫೋಟೋಗಳು ಹೆಚ್ಚು, ಗುದ್ದಲಿ ಕಡಿಮೆ. ಮಗ ಅಥವಾ ಮಗಳು ಕಾರು ಓಡಿಸುತ್ತಾರೆ, ಹಿಂದಿನ ಸೀಟಿನಲ್ಲಿ ಕೂತು ನಾವು ಬರೆಯುತ್ತೇವೆ. ನಾನು ಹಾಗೆ ಕೂತು ನೋಡಿದ ನಾರ್ವೆಯೂ ಇದೆ, ಅದನ್ನು ಪ್ರಕಟಿಸಲಿಲ್ಲ ಎಂಬುದಷ್ಟೇ ಸಮಾಧಾನ.

ಮಾರಿಸ್ ಅವರ ಪುಸ್ತಕಕ್ಕೆ ಕಾಲ ಬರೆದ ಅನುಬಂಧ ಇನ್ನೂ ವಿಚಿತ್ರ. ವಿಜಯಯಾತ್ರೆಯೆಂದು ಚಿತ್ರಿತವಾದ ಆ ಪ್ರಯಾಣ ಮುಗಿದು ಎರಡು ವರ್ಷವಾಗುವುದರೊಳಗೆ ಒಳನಾಡು ಮತ್ತೆ ದಂಗೆ ಎದ್ದಿತು. ಅವರು ಹಾದುಹೋದ ಸೀಮೆಯ ರಸ್ತೆಗಳಲ್ಲಿ ನೆಲಬಾಂಬು ಸಿಡಿದವು. ಸುಲ್ತಾನರು 1958ರಲ್ಲಿ ಸಲಾಲಾ ಸೇರಿದವರು ಮಸ್ಕತ್ತಿಗೆ ಮರಳಲೇ ಇಲ್ಲ. 1970ರ ಜುಲೈ 23ರಂದು ಮಗ ಕಾಬೂಸ್ ಅವರನ್ನು ಗದ್ದುಗೆಯಿಂದ ಇಳಿಸಿದರು. ಎರಡು ವರ್ಷದ ಬಳಿಕ ಲಂಡನ್ನಿನಲ್ಲಿ ತೀರಿಕೊಂಡರು. ಟಾರು ರಸ್ತೆ ಬಂದದ್ದು ಅವರನ್ನು ಇಳಿಸಿದ ಮೇಲೆ. ಈಗ ಆದಂ, ಹೈಮಾ, ತುಮ್ರೈತ್ ಜೋಡಿಸುವ ಆ ಹೆದ್ದಾರಿಗೆ ಇಟ್ಟಿರುವ ಹೆಸರು ಸುಲ್ತಾನ್ ಸಯೀದ್ ಬಿನ್ ತೈಮೂರ್ ರಸ್ತೆ. ಮಾರಿಸ್ ಕಾದಂಬರಿ ಬರೆದಿದ್ದರೂ ಇಂಥ ಮುಕ್ತಾಯವನ್ನು ಸಂಪಾದಕರು ನಂಬುತ್ತಿರಲಿಲ್ಲ.

ಹಾಗಾದರೆ ಈ ದಾರಿಯ ಬಗ್ಗೆ ಒಳ್ಳೆಯ ಕನ್ನಡ ಬರಹ ಹೇಗಿರಬಹುದು? ನಾನು ಅದನ್ನು ಒಮ್ಮೆ ಕೇಳಿದ್ದೇನೆ. ಕೆಲಸದಲ್ಲಿದ್ದಾಗ ನಮ್ಮ ವಾರ್ಡಿಗೆ ಉಡುಪಿ ಜಿಲ್ಲೆಯ ಒಬ್ಬ ಲಾರಿ ಚಾಲಕರು ಬಂದರು. ಗಫ್ತೈನ್ ಆಚೆ ಬೆಳಗಿನ ಜಾವ ಅಪಘಾತ, ಕುತ್ತಿಗೆಯ ಐದನೆಯ ಮೂಳೆ. ಕೈಬೆರಳು ಆಡುತ್ತಿರಲಿಲ್ಲ, ಸೊಂಟದ ಕೆಳಗೆ ಸ್ಪರ್ಶವಿಲ್ಲ. ಊರಿಗೆ ಕಳಿಸುವ ಕಾಗದಪತ್ರ ಮುಗಿಯಲು ಆರು ವಾರ ಹಿಡಿಯಿತು. ಕುಂದಾಪುರ ಕನ್ನಡ ಕೇಳುವ ಆಸೆಗೆ ನಾನು ಸಂಜೆ ಹೋಗಿ ಕೂರುತ್ತಿದ್ದೆ. ಅವರು ರಸ್ತೆಯನ್ನೇ ಹೇಳುತ್ತಿದ್ದರು. ಘಾಬಾದಲ್ಲಿ ಚಹಾಕ್ಕೆ ಏಲಕ್ಕಿ ಹಾಕುವ ಮಲಯಾಳಿ, ಕಿತ್‌ಬಿತ್‌ನಲ್ಲಿ ನಮಾಜಿಗೆ ನಿಂತ ಬಸ್ಸುಗಳ ನೆರಳಿನಲ್ಲಿ ನಿದ್ದೆ, ಚಳಿಗಾಲದ ರಾತ್ರಿ ಬಿಸಿಯುಳಿದ ಟಾರಿನ ಮೇಲೆ ಬಂದು ಕೂರುವ ಒಂಟೆಗಳು, ಗಾಳಿ ಯಾವ ಕಿಲೋಮೀಟರಿನಲ್ಲಿ ಮರಳನ್ನು ರಸ್ತೆಗೆ ತರುತ್ತದೆ, ಹನ್ನೊಂದು ವರ್ಷದಲ್ಲಿ ಯಾರು ಯಾರು ಎಲ್ಲೆಲ್ಲಿ ಸತ್ತರು. ಖರೀಫ್ ಮಳೆಯ ಬಗ್ಗೆ ಕೇಳಿದೆ. ಘಾಟಿಯಲ್ಲಿ ಮಂಜಿದ್ದರೆ ಬ್ರೇಕ್ ಬಿಸಿಯಾಗುತ್ತದೆ ಎಂದರು, ಅಷ್ಟೇ.

ಅಪಘಾತ ಹೇಗಾಯಿತು ಎಂದೂ ಒಮ್ಮೆ ಕೇಳಿದ್ದೆ. ಊರಿನಲ್ಲಿ ಎಡಗಡೆ ಓಡಿಸಿ ಕಲಿತ ಕೈ, ಇಲ್ಲಿ ಬಲಗಡೆ. ಎಚ್ಚರವಿದ್ದಾಗ ಏನೂ ತೊಂದರೆಯಿಲ್ಲ, ನಿದ್ದೆಗಣ್ಣಿನಲ್ಲಿ ಕೈ ಊರಿಗೆ ಹೋಗಿಬಿಡುತ್ತದೆ ಎಂದರು.

ಮಾರಿಸ್, ಥೆಸಿಗರ್ ಇಬ್ಬರ ಪುಸ್ತಕಗಳಲ್ಲೂ ಇಲ್ಲದ ದಾರಿ ಇದು. ಆ ದಿನಗಳಲ್ಲಿ ನನ್ನ ಕೋಟಿನ ಜೇಬಿನಲ್ಲಿ ನೋಟ್‌ಬುಕ್ ಇರುತ್ತಿತ್ತು. ಅವರ ರಕ್ತದೊತ್ತಡ, ಮೂತ್ರದ ಅಳತೆ, ಬೆನ್ನಿನ ಹುಣ್ಣು ಎಲ್ಲ ಅದರಲ್ಲಿವೆ, ಅವರು ಹೇಳಿದ ಒಂದು ಮಾತೂ ಇಲ್ಲ. ಮೇಲಿನದನ್ನೆಲ್ಲ ಈಗ ನೆನಪಿನಿಂದ ಬರೆದಿದ್ದೇನೆ. ಸಲಾಲಾ ನಮ್ಮ ಆಗುಂಬೆಯಂತಿದೆ ಎಂಬ ನನ್ನ ಲೇಖನ ಅಚ್ಚಾದದ್ದು ಅದೇ ವರ್ಷದ ಸಂಚಿಕೆಯಲ್ಲಿ.